ಏಳೂವರೆಗೆ ಅವಳು ಹೇಳಿದ್ದು

ನನ್ನ ಹೆಂಡತಿಯ ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲಿ ಒಂದು ಸುಳ್ಳಿತ್ತು. ನೋವು ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಬರೆದವರು ಡ್ಯೂಟಿ ಡಾಕ್ಟರು, ಹೇಳಿದವನು ನಾನು.

ವಿನುತಾ ಈಗ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಬಗ್ಗೆ ಯಾರಾದರೂ ಬರೆದದ್ದು ಕೈಗೆ ಸಿಕ್ಕರೆ ನಾನೂ ಮೊದಲು ಕೊನೆಯ ಪುಟ ತೆಗೆದು, ಬದುಕಿದರೋ ಇಲ್ಲವೋ ನೋಡಿಕೊಂಡು, ಆಮೇಲೆ ಶುರುವಿನಿಂದ ಓದುವವನು. ಅವಳು ಬದುಕಿದಳು. ಈ ಸಾಲು ಬರೆಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅವ್ವನ ಜೊತೆ ಟಿ.ವಿ. ರಿಮೋಟಿಗಾಗಿ ವಾದ ಮಾಡುತ್ತಿದ್ದಾಳೆ. ಆದರೂ ಆ ಭಾನುವಾರದ ಬೆಳಗು ನನ್ನ ತಲೆಯೊಳಗೆ ಮುಗಿದಿಲ್ಲ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ, ಸ್ಕೂಟರಿನಲ್ಲಿ ಬರುವಾಗ, ಮತ್ತೆ ಏಳೂವರೆಯಿಂದ ಶುರುವಾಗುತ್ತದೆ. ಪ್ರತಿ ಸಲವೂ ನಾನು ಬೇರೆ ಉತ್ತರ ಕೊಡಲು ನೋಡುತ್ತೇನೆ.

ನಮ್ಮದು ಗಾವಡಗೆರೆ ಹತ್ತಿರದ ಹಳ್ಳಿ. ಹುಣಸೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಅಪ್ಪ ಹೋದ ಮೇಲೆ ಅವ್ವನೂ ನಾನೂ ಹೊಗೆಸೊಪ್ಪಿನ ಬೇಸಾಯ ನೋಡಿಕೊಂಡು ಬಂದಿದ್ದೇವೆ. ವಿನುತಾ ಸಾಲಿಗ್ರಾಮದವಳು. ಅವರ ತಂದೆಗೆ ಅಲ್ಲಿ ದಿನಸಿ ಅಂಗಡಿ, ಊರಾಚೆ ಒಂದಿಷ್ಟು ಭತ್ತದ ಗದ್ದೆ. ನಾವಿಬ್ಬರೂ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಒಂದೇ ತರಗತಿಯಲ್ಲಿದ್ದೆವು. ಮದುವೆಗೆ ಅವಳ ತಂದೆ ಎರಡು ವರ್ಷ ಒಪ್ಪಲಿಲ್ಲ. ಜಾತಿಯ ತಕರಾರಿರಲಿಲ್ಲ, ಹುಡುಗನ ಬಗ್ಗೆಯೂ ಇರಲಿಲ್ಲ. ಇದ್ದದ್ದು ಬೆಳೆಯ ಬಗ್ಗೆ. “ಆ ಸೊಪ್ಪಿನ ಸೀಮೆಲಿ ಎಣ್ಮಕ್ಕಳು ಬೆಂಕಿ ಮುಂದೆ, ಬಿಸಿಲ್ ಮುಂದೆ ಸವುದೋಯ್ತಾರೆ. ನನ್ ಮಗಳ್ನ ಅಲ್ಲಿಗ್ ಕೊಡಕಿಲ್ಲ” ಎಂದಿದ್ದರು. ನಾನು ಅವರ ಅಂಗಡಿಯ ಮುಂದೆ ನಿಂತು ಮಾತು ಕೊಟ್ಟೆ: ಅವಳ ಕೈಗೆ ಸೊಪ್ಪು ಮುಟ್ಟಿಸುವುದಿಲ್ಲ ಮಾವ.

ಆ ಮಾತು ಮೊದಲ ಸೀಸನ್ನಿನಲ್ಲೇ ಹೋಯಿತು. ಯಾರೂ ಅವಳನ್ನು ಕರೆಯಲಿಲ್ಲ. ಮನೆ ಮಂದಿಯೆಲ್ಲ ಹೊಲಕ್ಕೆ ಹೋದ ಮೇಲೆ ಒಬ್ಬಳೇ ಕೂರಲಾರದೆ ಅವಳೇ ಬಂದಳು. ಬಂದವಳನ್ನು ನಾನು ವಾಪಸ್ಸು ಕಳಿಸಲಿಲ್ಲ. ಸೊಪ್ಪು ಮುರಿಯುವ ದಿನ ಕೈ ಎಷ್ಟಿದ್ದರೂ ಸಾಲದು. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಂದು ದಿನದೊಳಗೆ ಬ್ಯಾರನ್ನಿಗೆ, ಅಂದರೆ ಸೊಪ್ಪು ಹದ ಮಾಡುವ ಎತ್ತರದ ಮಣ್ಣುಗೋಡೆಯ ಮನೆಗೆ, ಏರಿಸಬೇಕು, ಆಮೇಲೆ ಕೆಳಗಿಂದ ಸೌದೆ ಉರಿ ಕೊಟ್ಟು ದಿನಗಟ್ಟಲೆ ಬೇಯಿಸಬೇಕು. ಅದಕ್ಕಿಂತ ಹೆಚ್ಚು ಹೊತ್ತು ರಾಶಿಯಲ್ಲಿ ಬಿಟ್ಟರೆ ಒಳಗೊಳಗೇ ಬಿಸಿಯಾಗಿ ಕೆಡುತ್ತದೆ.

ಬೆಳಗಿನ ಇಬ್ಬನಿಯಲ್ಲಿ, ಮಳೆಯಲ್ಲಿ ನೆನೆದ ಎಲೆಯನ್ನು ಮುರಿದು ಕಂಕುಳಿಗೆ ಒತ್ತಿಕೊಂಡು ಸಾಲು ಮುಗಿಸುವಾಗ ಅದರ ರಸ ಮೈಗೆ ಇಳಿಯುತ್ತದೆ. ಅಭ್ಯಾಸವಿಲ್ಲದವರಿಗೆ ತಲೆ ಸುತ್ತು, ವಾಂತಿ, ಕೈಕಾಲು ನಡುಕ. ನಮ್ಮ ಕಡೆ ಅದಕ್ಕೆ ಸೊಪ್ಪು ಹತ್ತುವುದು ಎನ್ನುತ್ತೇವೆ. ಮಜ್ಜಿಗೆಗೆ ಉಪ್ಪು, ನಿಂಬೆ ಹಿಂಡಿ ಕುಡಿಸಿ ನೆರಳಲ್ಲಿ ಮಲಗಿಸುತ್ತೇವೆ, ಸಂಜೆಗೆ ಎದ್ದು ಓಡಾಡುತ್ತಾರೆ. ಮೊದಲ ವರ್ಷ ವಿನುತಾ ಎರಡು ಸಲ ಹಾಗೆ ಬಿದ್ದಳು. ಅವ್ವ ನಗುತ್ತ, “ಬತ್ತದ್ ಸೀಮೆ ಎಣ್ಣು, ಒಗ್ಗಕ್ಕೆ ಒಸಿ ದಿನ ಬೇಕು ಬುಡು” ಎಂದಿದ್ದಳು. ಮೂರನೆಯ ವರ್ಷಕ್ಕೆ ಕಡ್ಡಿ ಕಟ್ಟುವುದರಲ್ಲಿ ಅವಳು ಊರಿನವರನ್ನು ಮೀರಿಸಿದಳು. ಆದರೂ ತಮಾಷೆ ಹಾಗೇ ಉಳಿಯಿತು. ಅವಳು ಒಂದು ಸಲ ಸೀನಿದರೂ ಭತ್ತದ ಸೀಮೆಯವಳಿಗೆ ಸೊಪ್ಪು ಹತ್ತಿತು ಎನ್ನುವುದು ನಮ್ಮ ಮನೆಯ ಮಾತಾಗಿತ್ತು. ಅದನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವನು ನಾನು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಮಗೆ ಮಕ್ಕಳಾಗಿರಲಿಲ್ಲ. ಹಿಂದಿನ ವರ್ಷ ಒಮ್ಮೆ ಅವಳಿಗೆ ಹತ್ತು ದಿನ ತಡವಾಗಿತ್ತು. ನನ್ನೊಬ್ಬನಿಗೇ ಹೇಳಿದ್ದಳು. ನಾನು ಸಂಭ್ರಮ ತಡೆಯಲಾರದೆ ಅವ್ವನಿಗೆ ಹೇಳಿದೆ. ಅವ್ವ ತಂಗಿಯರಿಗೆ ಫೋನ್ ಮಾಡಿದಳು, ಶಿವನ ಗುಡಿಯಲ್ಲಿ ಅಭಿಷೇಕ ಮಾಡಿಸಿದಳು, ಒಬ್ಬಟ್ಟು ಮಾಡಿದಳು. ಹನ್ನೊಂದನೆಯ ದಿನ ಮುಟ್ಟಾಯಿತು. ಅದಾದ ಮೇಲೂ ಒಂದು ತಿಂಗಳು ಹೆಂಗಸರು ಬಂದು ಅವಳ ಹೊಟ್ಟೆ ನೋಡಿ, “ಏನವ್ವ, ಏಸ್ ತಿಂಗಳು” ಎಂದು ಕೇಳುತ್ತಿದ್ದರು. ಒಂದು ದಿನ ಅವಳು ಬಟ್ಟೆ ಮಡಿಸುತ್ತ, “ಇನ್ನೊಂದ್ಸಲ ಹೀಗಾದ್ರೆ ಯಾರಿಗೂ ಹೇಳಲ್ಲ, ನಿನಗೂ ಹೇಳಲ್ಲ ಕಣೋ” ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ನಾನು ನಕ್ಕು, ಅವಳ ಕೈಯಲ್ಲಿದ್ದ ಅಂಗಿ ಕಿತ್ತುಕೊಂಡು ನಾನೇ ಮಡಿಸಿದೆ. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡೆ.

ಆ ಭಾನುವಾರಕ್ಕೆ ಬರುತ್ತೇನೆ. ಶ್ರಾವಣದ ದಿನಗಳು. ರಾತ್ರಿ ಹನಿ ಬಿದ್ದು ಹೊಲವೆಲ್ಲ ಒದ್ದೆ. ನನಗೆ ಸ್ಕೂಲಿಗೆ ರಜೆ ಇರುವುದು ಅಂದು ಮಾತ್ರ, ಹಾಗಾಗಿ ಬ್ಯಾರನ್ ತುಂಬುವುದು ನಮ್ಮಲ್ಲಿ ಯಾವಾಗಲೂ ಭಾನುವಾರ. ಶನಿವಾರ ಮಧ್ಯಾಹ್ನವೇ ಅರ್ಧ ಹೊಲ ಮುರಿದಿಟ್ಟಿದ್ದೆವು. ಉಳಿದರ್ಧಕ್ಕೆ ಬೆಳಿಗ್ಗೆ ಆರಕ್ಕೇ ಇಳಿದೆವು. ನಾವು ಮನೆಯವರು ಮೂವರು, ಜೊತೆಗೆ ಕೆಂಪಮ್ಮ ಮತ್ತು ಅವಳ ಕಡೆಯ ನಾಲ್ಕು ಹೆಂಗಸರು. ಕೆಂಪಮ್ಮ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವಳು. ಪ್ರತಿ ಸೀಸನ್ನಿಗೂ ಬರುತ್ತಾಳೆ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ ಅವಳು ಸೊಪ್ಪು ಮುರಿಯುತ್ತಿದ್ದಾಳೆ. ಹೊಲದಲ್ಲಿ ಅವಳು ಹೇಳಿದ ಸಾಲು, ಅವಳು ಹೇಳಿದ ಎಲೆ.

ಏಳೂವರೆ ಇರಬಹುದು. ವಿನುತಾ ತನ್ನ ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ಕಂಕುಳಲ್ಲಿ ಸೊಪ್ಪಿತ್ತು, ರವಿಕೆ ಒದ್ದೆಯಾಗಿತ್ತು. ಅವ್ವ ಹತ್ತಿರದಲ್ಲೇ ಇದ್ದುದರಿಂದ ಬಹುವಚನದಲ್ಲೇ ಮಾತಾಡಿದಳು.

“ರೀ, ಯಾಕೋ ಆಗ್ತಿಲ್ಲ. ಹೊಟ್ಟೆ ಹಿಡ್ಕೊಂಡಿದೆ. ಹುಣಸೂರಿಗೆ ಹೋಗಿ ತೋರಿಸ್ಕೊಂಡು ಬರೋಣ್ವಾ?”

ನಾನು ಅವಳ ಮುಖ ನೋಡಲಿಲ್ಲ. ಉಳಿದಿದ್ದ ಸಾಲುಗಳನ್ನು ನೋಡಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: “ನೋಡ್ರವ್ವಾ, ಭತ್ತದ ಸೀಮೆಯವಳಿಗೆ ಮತ್ತೆ ಸೊಪ್ಪು ಹತ್ತಿದೆ.”

ಹೊಲದಲ್ಲಿದ್ದವರೆಲ್ಲ ನಕ್ಕರು. ಅವ್ವ, “ಬದಿನ್ ಮ್ಯಾಲೆ ಕೂತ್ಕಳವ್ವ, ಮಜ್ಜಿಗೆ ಕುಡಿ” ಎಂದಳು. ನಾನು ದನಿ ತಗ್ಗಿಸಿ, “ಭಾನುವಾರ ಯಾವ ಡಾಕ್ಟರ್ ಇರ್ತಾರೆ? ಬ್ಯಾರನ್ ತುಂಬಿಬಿಡ್ಲಿ, ಸಂಜೆ ಹೋಗೋಣ” ಎಂದೆ.

ವಿನುತಾ ಕೂಡ ನಕ್ಕಳು. ಆ ನಗು ನನಗೆ ಈಗಲೂ ಕಾಣುತ್ತದೆ. ಎಲ್ಲರ ಎದುರು ಗಂಡ ತಮಾಷೆ ಮಾಡಿದಾಗ ನಗದೆ ನಿಂತರೆ ಅವನಿಗೆ ಅವಮಾನ ಎಂದು ನಕ್ಕ ನಗು ಅದು. ನನ್ನನ್ನು ಕಾಪಾಡಲು ನಕ್ಕಳು.

ಬದುವಿನ ಮೇಲೆ ಹೋಗಿ ವಾಂತಿ ಮಾಡಿಕೊಂಡಳು. ಮಜ್ಜಿಗೆ ಕುಡಿದಳು, ಅದೂ ಬಂತು. ಒಂಬತ್ತರ ಹೊತ್ತಿಗೆ ನಾವು ಸೊಪ್ಪು ಹೊತ್ತು ಬ್ಯಾರನ್ ಹತ್ತಿರದ ಚಪ್ಪರಕ್ಕೆ ಬಂದಾಗ ಅವಳು ಅಲ್ಲಿ ಚಾಪೆಯ ಮೇಲೆ ಕೂತು ಕಡ್ಡಿ ಕಟ್ಟುತ್ತಿದ್ದಳು. ಮಲಗು ಎಂದರೆ, ಮಲಗಿದರೆ ಭುಜ ನೋಯುತ್ತದೆ, ಕೂತರೇ ವಾಸಿ ಎಂದಳು. ಬಲಭುಜದ ತುದಿ ತೋರಿಸಿದಳು. ಸೊಪ್ಪಿನ ಹೊರೆ ಹೊತ್ತದ್ದಕ್ಕೆ ನರ ಹಿಡಿದಿರಬೇಕು ಎಂದು ನೋವಿನ ಮುಲಾಮು ತಂದು ಎರಡು ನಿಮಿಷ ಉಜ್ಜಿದೆ. ಉಜ್ಜುತ್ತ, ಏರಿಸಬೇಕಾದ ಕಡ್ಡಿಗಳನ್ನು ಲೆಕ್ಕ ಹಾಕುತ್ತಿದ್ದೆ. ಹೊಟ್ಟೆಯೊಳಗೆ ರಕ್ತ ಸೋರಿದರೆ ಭುಜದಲ್ಲಿ ನೋವು ಕಾಣಿಸಿಕೊಳ್ಳುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಹತ್ತನೆಯ ತರಗತಿಗೆ ಮನುಷ್ಯನ ದೇಹದ ಪಾಠ ಮಾಡುವವನು ನಾನು.

ಹತ್ತೂಮುಕ್ಕಾಲಿಗೆ ಅವಳು ಬಚ್ಚಲಿಗೆಂದು ಎದ್ದು, ನಾಲ್ಕು ಹೆಜ್ಜೆ ಇಟ್ಟು, ಚಪ್ಪರದ ಗೂಟ ಹಿಡಿದುಕೊಳ್ಳಲು ಹೋಗಿ ಹಾಗೇ ಕುಸಿದಳು. ಎಲ್ಲರಿಗಿಂತ ಮೊದಲು ಓಡಿದವಳು ಕೆಂಪಮ್ಮ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳರೆಪ್ಪೆ ಎಳೆದು ನೋಡಿದಳು, ತುಟಿ ನೋಡಿದಳು.

“ಮೇಷ್ಟ್ರೇ, ಇದು ಸೊಪ್ಪಲ್ಲ.”

ಅವ್ವ ಮಜ್ಜಿಗೆ ಚೊಂಬು ಹಿಡಿದು ಬಂದಿದ್ದಳು. “ಎದರ್ಸ್‌ಬ್ಯಾಡ ಕೆಂಪಿ. ಒಟ್ಟೆಗೇನೂ ನಿಂತಿಲ್ಲ, ಅದ್ಕೆ ತಲೆ ಸುತ್ತದೆ.”

“ಸೊಪ್ಪತ್ತಿದ್ರೆ ಕಕ್ಕುದ್ ಮ್ಯಾಕೆ ಜೀವ ಅಗುರಾಯ್ತದೆ ಅಕ್ಕ. ಇವ್ರು ಬೆಳಗ್ಗಿಂದ ಕಕ್ತಾವ್ರೆ, ಬಾಡ್ಕಂಡೇ ಓಯ್ತಾವ್ರೆ. ತುಟಿ ನೋಡು, ಸುಣ್ಣ ಇದ್ದಂಗದೆ. ಮಜ್ಜಿಗೆ ನೀನೇ ಕುಡ್ಕೊ.” ಆಮೇಲೆ ನನ್ನ ಕಡೆ ತಿರುಗಿ, “ನಿಂತ್ಕಂಡ್ ನೋಡ್ತಿದ್ದೀರಲ್ಲ ಮೇಷ್ಟ್ರೇ, ಗಾಡಿ ತರ್ಸಿ” ಎಂದಳು.

ಪಕ್ಕದ ಮನೆಯವರ ವ್ಯಾನು ಬಂತು. ಹುಣಸೂರಿಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ಅವ್ವನ ಮಡಿಲಲ್ಲಿ, ಕಾಲು ನನ್ನ ಮಡಿಲಲ್ಲಿ. ಪಾದ ತಣ್ಣಗಿತ್ತು. ನಾನು ಉಜ್ಜುತ್ತಲೇ ಇದ್ದೆ, ಬಿಸಿಯಾಗಲಿಲ್ಲ.

ಆಸ್ಪತ್ರೆಯಲ್ಲಿ ಭಾನುವಾರವೂ ಡಾಕ್ಟರಿದ್ದರು. ನರ್ಸು ಅವಳ ಬೆರಳಿಗೆ ನಾಡಿ ತೋರಿಸುವ ಕ್ಲಿಪ್ಪು ಹಾಕಿದರು, ಯಂತ್ರ ಏನನ್ನೂ ತೋರಿಸಲಿಲ್ಲ. ಇನ್ನೊಂದು ಬೆರಳಿಗೆ ಹಾಕಿದರು. “ಏನಮ್ಮ ಇದು, ಕೈಗೆಲ್ಲ ಟಾರು” ಎಂದು ಬೈದುಕೊಂಡರು. ಸೊಪ್ಪಿನ ಅಂಟು. ಹಸಿ ಎಲೆ ಮುರಿದ ಕೈಗೆ ಕಪ್ಪಗೆ ಪದರವಾಗಿ ಕೂರುತ್ತದೆ, ಸೋಪಿಗೆ ಹೋಗುವುದಿಲ್ಲ. ನರ್ಸು ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒಂದು ಉಗುರನ್ನು ಉಜ್ಜಿ ಉಜ್ಜಿ ಬಿಡಿಸಿದರು. ಕಪ್ಪಿನೊಳಗಿಂದ ಆ ಉಗುರು ಹೊರಗೆ ಬಂದಾಗ ಕಾಗದದ ಹಾಗೆ ಬೆಳ್ಳಗಿತ್ತು. ಅಲ್ಲಿಯವರೆಗೆ ಅದು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟಿದ್ದದ್ದು ನಮ್ಮ ಸೊಪ್ಪು.

“ನೋವು ಯಾವಾಗಿಂದ?” ಡ್ಯೂಟಿ ಡಾಕ್ಟರು ಕೇಳಿದರು.

“ಹನ್ನೊಂದು ಗಂಟೆಯಿಂದ” ಎಂದೆ.

ಯೋಚಿಸಿ ಆಡಿದ ಸುಳ್ಳಲ್ಲ. ಬಾಯಿಗೆ ಬಂದುಬಿಟ್ಟಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆಯಾಗಿತ್ತು. ಅವ್ವ ಪಕ್ಕದಲ್ಲೇ ಇದ್ದಳು, ಏನೂ ಹೇಳಲಿಲ್ಲ. ವಿನುತಾ ಕಣ್ಣು ಮುಚ್ಚಿದ್ದಳು.

“ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?”

ನನಗೆ ಗೊತ್ತಿರಲಿಲ್ಲ. ವಿನುತಾ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಹನ್ನೆರಡು ದಿನ ತಡವಾಗಿತ್ತು. ಶುಕ್ರವಾರದಿಂದ ಸ್ವಲ್ಪ ಸ್ವಲ್ಪ ಹೋಗುತ್ತಿದೆ, ಮುಟ್ಟೇ ಬಂತು ಅಂದುಕೊಂಡೆ ಎಂದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆ ಹನ್ನೆರಡು ದಿನಗಳಲ್ಲಿ ಅವಳು ಹೇಗಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ಬ್ಯಾರನ್ ಗೋಡೆಗೆ ಮಣ್ಣು ಮೆತ್ತಿದ್ದು ನೆನಪಾಯಿತು.

ಸ್ಕ್ಯಾನ್ ಮಾಡಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಗರ್ಭ ನಿಲ್ಲಬಾರದ ಜಾಗದಲ್ಲಿ, ನಳಿಕೆಯಲ್ಲಿ ನಿಂತಿದೆ, ನಳಿಕೆ ಒಡೆದಿದೆ, ಹೊಟ್ಟೆ ತುಂಬ ರಕ್ತವಿದೆ, ತಕ್ಷಣ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಅವಳು ಬಸುರಿಯಾಗಿದ್ದಳು ಎನ್ನುವುದೂ, ಆ ಮಗು ಇಲ್ಲ ಎನ್ನುವುದೂ, ಅವಳೂ ಉಳಿಯದಿರಬಹುದು ಎನ್ನುವುದೂ ನನಗೆ ಒಂದೇ ಉಸಿರಿನಲ್ಲಿ ತಿಳಿಯಿತು.

ಆಂಬ್ಯುಲೆನ್ಸಿನಲ್ಲಿ ಬಿಳಿಕೆರೆ ದಾಟುವಾಗ ಅವಳು ನೀರು ಕೇಳಿದಳು. ಕೊಡಬಾರದು ಎಂದಿದ್ದರು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. “ಅಪ್ಪಂಗೆ ಹೇಳ್ಬೇಡ, ಹೆದರ್ಕೋತಾರೆ” ಎಂದಳು. ಅವ್ವನ ಎದುರು ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವ್ವ ಅದನ್ನು ಗಮನಿಸಲೇ ಇಲ್ಲ. ಕಣ್ಣು ಮುಚ್ಚಿ ಶಿವ ಶಿವ ಅನ್ನುತ್ತಿದ್ದಳು.

ಮೈಸೂರಿನ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಾಗ ಪೆನ್ನು ನನ್ನ ಬೆರಳಿಗೆ ಅಂಟಿಕೊಂಡಿತು. ಹಾಳೆಯ ಅಂಚಿನಲ್ಲಿ ನನ್ನ ಹೆಬ್ಬೆರಳ ಕಪ್ಪು ಗುರುತು ಬಿತ್ತು, ಓದು ಬಾರದವರು ಒತ್ತಿದ ಹಾಗೆ. ಸ್ಟ್ರೆಚರು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಆಗ ಒಂದೂವರೆ ಗಂಟೆ.

ಹೊರಗೆ ಸ್ಟೀಲು ಕುರ್ಚಿಗಳ ಸಾಲು. ಪಕ್ಕದಲ್ಲಿ ಪಿರಿಯಾಪಟ್ಟಣ ಕಡೆಯ ಒಬ್ಬ ಹಿರಿಯರು, ಮಗಳ ಹೆರಿಗೆಗೆ ಬಂದವರು. ಅವರು ನನ್ನ ಕೈ ನೋಡಿದರು, ಮುಖ ನೋಡಿದರು.

“ಬ್ಯಾರನ್ ತುಂಬ್‌ಸ್ತಿದ್ರಾ?”

“ಹೌದು.”

“ಯಾರಿಗೆ?”

“ಹೆಂಡತಿಗೆ.”

ಅದಕ್ಕಿಂತ ಹೆಚ್ಚು ಕೇಳಲಿಲ್ಲ. “ಓಗಿ ಕೈ ತೊಳ್ಕಂಬನ್ನಿ. ಎಸ್ರು ಕೂಗುದ್ರೆ ನಾನು ಓಡ್ಬಂದ್ ಕರೀತೀನಿ” ಎಂದರು. ನಲ್ಲಿಯ ಹತ್ತಿರ ಎಷ್ಟು ಉಜ್ಜಿದರೂ ಹೋಗಲಿಲ್ಲ. ವಾಪಸ್ಸು ಬಂದಾಗ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಹಾಕಿಟ್ಟಿದ್ದರು. ಅವ್ವನಿಗೆ ತಮ್ಮ ಹೆಂಡತಿಯ ಪಕ್ಕ ಜಾಗ ಮಾಡಿಕೊಟ್ಟಿದ್ದರು. ಅವರ ಹೆಸರನ್ನು ನಾನು ಕೇಳಲಿಲ್ಲ. ಆ ಮಧ್ಯಾಹ್ನ ಅವರು ನನ್ನನ್ನು ಒಳ್ಳೆಯವನೆಂದೂ ಕರೆಯಲಿಲ್ಲ, ಧೈರ್ಯ ತಂದುಕೋ ಎಂದೂ ಹೇಳಲಿಲ್ಲ. ಟೀ ಆರುತ್ತದೆ ಕುಡೀರಿ ಎಂದರು, ಅಷ್ಟೇ. ಅದಕ್ಕೆ ನಾನು ಇವತ್ತಿಗೂ ಋಣಿ.

ವಿನುತಾ ಬೇಡವೆಂದಿದ್ದರೂ ಮಾವನಿಗೆ ಫೋನ್ ಮಾಡಿದ್ದೆ. ಮೂರು ಗಂಟೆಗೆ ಬಸ್ಸಿನಲ್ಲಿ ಬಂದರು, ಅಂಗಡಿಯ ಅಂಗಿಯಲ್ಲೇ. ಜೇಬಿನಲ್ಲಿ ಪೆನ್ನು, ಕಿವಿಯ ಮೇಲೆ ಒಂದು ಪೆನ್ಸಿಲ್ಲು ಹಾಗೇ ಇತ್ತು. ಎದುರಿಗೆ ನಿಂತು ಒಂದೇ ಪ್ರಶ್ನೆ ಕೇಳಿದರು.

“ಬೆಳಿಗ್ಗೆ ಚೆನ್ನಾಗಿದ್ಲಾ?”

“ಹೂಂ ಮಾವ.”

ಅದು ಎರಡನೆಯ ಸುಳ್ಳು. ಇದನ್ನು ಯೋಚಿಸಿಯೇ ಹೇಳಿದೆ.

ನಾಲ್ಕರ ಹೊತ್ತಿಗೆ ಆಪರೇಷನ್ ಮಾಡಿದ ಡಾಕ್ಟರಮ್ಮ ಹೊರಗೆ ಬಂದರು. ಒಂದು ಕಡೆಯ ನಳಿಕೆ ತೆಗೆದಿದ್ದೇವೆ, ಇನ್ನೊಂದು ಚೆನ್ನಾಗಿದೆ, ರಕ್ತ ಕೊಡುತ್ತಿದ್ದೇವೆ, ಅಪಾಯ ದಾಟಿದೆ ಎಂದರು. ಹುಣಸೂರಿನ ಹಾಳೆ ಸೇರಿಸಿದ್ದ ಫೈಲು ನೋಡಿ, “ನೋವು ಬಂದ ಅರ್ಧ ಗಂಟೇಲೇ ಆಸ್ಪತ್ರೆಗೆ ತಂದಿದ್ದೀರಿ. ಒಳ್ಳೇದಾಯ್ತು. ಇನ್ನೊಂದು ಗಂಟೆ ತಡ ಮಾಡಿದ್ರೆ ಕಷ್ಟ ಇತ್ತು” ಎಂದರು.

ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. ಕೈ ಕಪ್ಪಗಿದ್ದುದನ್ನು ನೋಡಿದರು. ನಾನು ಕೊಟ್ಟಿದ್ದ ಮಾತು ಅವರಿಗೆ ನೆನಪಿಲ್ಲದೆ ಇರಲಾರದು. ಆದರೂ, “ನೀವಿದ್ದುದ್ಕೆ ಆಯ್ತು ಕಣಪ್ಪ” ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಎಚ್ಚರವಾದ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಮೂಗಿಗೆ ಕೊಳವೆ, ಕೈಗೆ ಸೂಜಿ, ತೊಳೆದ ಒಂದೇ ಒಂದು ಉಗುರು. ನಾನು ಹತ್ತಿರ ಹೋಗಿ ಬಗ್ಗಿದೆ. ಅವಳು ತುಟಿ ಅಲುಗಿಸಿದಳು.

“ಬ್ಯಾರನ್ ತುಂಬ್ತಾ?”

ತಲೆಯಾಡಿಸಿದೆ, ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ. ನಿಜಕ್ಕೂ ಬ್ಯಾರನ್ ತುಂಬಿತ್ತು. ನಾವು ಹೋದ ಮೇಲೆ ಕೆಂಪಮ್ಮ ತನ್ನ ಹೆಂಗಸರನ್ನು ಹಚ್ಚಿ ಕಡ್ಡಿ ಕಟ್ಟಿಸಿ, ಏರಿಸಿ, ತಾನೇ ಉರಿ ಹಾಕಿದ್ದಳು. ಆ ವರ್ಷದ ಸೊಪ್ಪಿನಲ್ಲೆಲ್ಲ ಒಳ್ಳೆಯ ಬಣ್ಣ ಬಂದದ್ದು ಆ ಬ್ಯಾರನ್ನಿನದು. ಇಳಿಸುವಾಗ ನಾನು ಒಳಗೆ ಹೋಗಲಿಲ್ಲ.

ಮನೆಗೆ ಬಂದ ಮೇಲೆ ಬೇರೆ ಥರದ ದಿನಗಳು ಶುರುವಾದವು. ನೋಡಲು ಜನ ಬರುತ್ತಿದ್ದರು. ಅವ್ವ ಜಗಲಿಯಲ್ಲಿ ಕೂತು ಎಲ್ಲರಿಗೂ ಅದೇ ಕಥೆ ಹೇಳುತ್ತಿದ್ದಳು. “ಬಿದ್ದಿದ್ದೇ ತಡ, ನನ್ ಮಗ ಎತ್ಕಂಡೇ ಓಡ್ದ ಕಣ್ರವ್ವ. ಒಂದ್ ನಿಮಿಷ ತಡ ಮಾಡ್ಲಿಲ್ಲ.” ಬಂದವರು ನನ್ನ ಕಡೆ ನೋಡುತ್ತಿದ್ದರು. ಒಳಗೆ ಗೋಡೆಗೆ ಒರಗಿ ಕೂತ ವಿನುತಾ ಬೆಳ್ಳುಳ್ಳಿ ಸುಲಿಯುತ್ತ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಏಳೂವರೆ ನೆನಪಿದೆಯೋ ಇಲ್ಲವೋ ನನಗೆ ತಿಳಿಯದು. ಕೇಳಲು ಧೈರ್ಯವಿಲ್ಲ. ನೆನಪಿಲ್ಲದಿದ್ದರೆ ನೆನಪಿಸಿದಂತಾಗುತ್ತದೆ. ಹೀಗೆ ನನಗೆ ನಾನೇ ಹೇಳಿಕೊಂಡು ದಿನ ದೂಡಿದೆ.

ಒಬ್ಬ ದೊಡ್ಡಮ್ಮ, “ಒಂದ್ ಕಡೆದು ತೆಗುದವ್ರಂತಲ್ಲ, ಇನ್ ಮಕ್ಕಳಾದವಾ?” ಎಂದಳು. ಅವ್ವ, “ನನ್ ಸೊಸೆ ಎದ್ದು ಕೂತವ್ಳೆ, ಅದುನ್ನ ನೋಡಕ್ ಬಂದಿದ್ರೆ ನೋಡ್ಕಂಡೋಗು” ಎಂದು ಎದ್ದು ಒಳಗೆ ಹೋದಳು. ಆಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ನಾನು ಬಾಗಿಲಲ್ಲಿ ನಿಂತದ್ದು ನೋಡಿ, “ನಾನೂ ನಗಾಡ್ದೆ ಕಣ್ಲಾ ಅವತ್ತು” ಎಂದಳು. ನಾವಿಬ್ಬರೂ ಅದರ ಬಗ್ಗೆ ಆಡಿದ್ದು ಅಷ್ಟೇ ಮಾತು.

ಹೊಲಿಗೆ ಒಣಗುವವರೆಗೆ ಅಡಿಗೆ ನನ್ನದು. ಒಂದು ದಿನ ಅಕ್ಕಿ ಡಬ್ಬದಲ್ಲಿ ಪಾವು ಮುಳುಗಿಸಿದಾಗ ಏನೋ ತಗುಲಿತು. ಬಸಿರು ಪರೀಕ್ಷೆ ಮಾಡಿಕೊಳ್ಳುವ ಪಟ್ಟಿ, ಹುಣಸೂರಿನ ಔಷಧಿ ಅಂಗಡಿಯ ಕವರಿನಲ್ಲಿ. ಒಡೆದಿರಲಿಲ್ಲ. ತಂದಿಟ್ಟಿದ್ದಾಳೆ, ನೋಡಿಕೊಳ್ಳಬೇಕು ಎನ್ನುವಷ್ಟರಲ್ಲಿ ಶುಕ್ರವಾರ ಸ್ವಲ್ಪ ರಕ್ತ ಕಂಡಿದೆ. ಈ ಸಲವೂ ಇಲ್ಲ ಅಂದುಕೊಂಡು ಅಕ್ಕಿಯೊಳಗೆ ತಳ್ಳಿದ್ದಾಳೆ. ಆ ಶುಕ್ರವಾರ ಅವಳು ಒಬ್ಬಳೇ ಅತ್ತಿರಬೇಕು. ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ಅವ್ವನಿಗೆ ಹೇಳುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಕವರನ್ನು ಇದ್ದಲ್ಲೇ ಇಟ್ಟು ಅನ್ನಕ್ಕಿಟ್ಟೆ.

ಅವಳಿಗೆ ಕೈ ಎತ್ತಲು ಆಗದಿದ್ದ ಆ ದಿನಗಳಲ್ಲಿ ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ ತಲೆಗೆ ನೀರು ಹಾಕುತ್ತಿದ್ದೆ. ಸೀಗೆಪುಡಿ ಕಣ್ಣಿಗೆ ಬಿದ್ದರೆ, “ಮಕ್ಕಳಿಗೆ ಹೊಡೆದಂಗೆ ಹೊಡೀಬೇಡ್ರಿ ಮೇಷ್ಟ್ರೇ” ಎಂದು ಆಡಿಕೊಳ್ಳುತ್ತಿದ್ದಳು. ಕೆಲವು ದಿನ ನೀರು ಸುರಿಯುವ ಸದ್ದಿನಲ್ಲಿ ಅಳುತ್ತಿದ್ದಳು. ಆಗ ನಾನು ಚೊಂಬು ನಿಲ್ಲಿಸದೆ ಸುರಿಯುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಅಷ್ಟು ಹತ್ತಿರವಾಗಿದ್ದದ್ದು ಆ ಮೂರು ವಾರವೇ. ಅಷ್ಟು ಹತ್ತಿರದಲ್ಲಿ ನಿಂತೂ ನಾನು ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ಇದ್ದೆ.

ಮೂರು ತಿಂಗಳ ನಂತರ ತಪಾಸಣೆಗೆ ಮೈಸೂರಿಗೆ ಹೋದೆವು. ಆಪರೇಷನ್ ಮಾಡಿದವರು ರಜೆಯಲ್ಲಿದ್ದರು, ಬೇರೆ ಡಾಕ್ಟರಮ್ಮ ಇದ್ದರು. ಹೊಟ್ಟೆ ನೋಡಿದರು, ಎಲ್ಲ ಸರಿಯಿದೆ, ಮತ್ತೆ ಬಸಿರಾಗಬಹುದು ಎಂದರು. ಆಮೇಲೆ ಫೈಲಿನ ಮೊದಲ ಹಾಳೆ ತೆಗೆದು ವಿನುತಾಳಿಗೆ ಹೇಳಿದರು: “ನೋಡಿಮ್ಮ, ಒಂದ್ಸಲ ಹೀಗಾದ್ಮೇಲೆ ಇನ್ನೊಂದ್ಸಲ ಆಗೋ ಸಾಧ್ಯತೆ ಇರುತ್ತೆ. ತಿಂಗಳು ತಪ್ಪಿದ ಕೂಡಲೇ ಬರಬೇಕು. ಹೊಟ್ಟೆ ನೋವು ಬಂದ್ರೆ ಒಂದು ಗಂಟೆನೂ ಕಾಯ್ಬಾರದು. ನಿಮ್ಮ ಯಜಮಾನ್ರು ಹುಷಾರಾಗಿದ್ದಾರೆ ಬಿಡಿ, ಅರ್ಧ ಗಂಟೇಲಿ ಕರ್ಕೊಂಡು ಬಂದಿದ್ದಾರೆ. ಮುಂದೆನೂ ಅವರು ನೋಡ್ಕೋತಾರೆ.”

ಮುಂದಿನ ಸಲ. ಮುಂದಿನ ಸಲವೂ ಈ ಹಾಳೆಯನ್ನು ನಂಬಿಕೊಂಡು, ಈ ಮನುಷ್ಯ ಅರ್ಧ ಗಂಟೆಯಲ್ಲಿ ತರುತ್ತಾನೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಅವಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ.

“ಹನ್ನೊಂದಕ್ಕಲ್ಲ ಮೇಡಂ” ಎಂದೆ. “ಏಳೂವರೆಗೆ ಹೇಳಿದ್ಲು. ಆಸ್ಪತ್ರೆಗೆ ಹೋಗೋಣ ಅಂತಲೂ ಕೇಳಿದ್ಲು. ನಾನು ತಮಾಷೆ ಮಾಡಿದೆ. ಬ್ಯಾರನ್ ತುಂಬಬೇಕಿತ್ತು.”

ಡಾಕ್ಟರಮ್ಮ ಬೈಯಲಿಲ್ಲ. ಹನ್ನೊಂದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಏಳೂವರೆ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. “ಮುಂದಿನ ಪೇಷಂಟ್” ಎಂದರು. ನಾನು ವಿನುತಾಳ ಕಡೆ ತಿರುಗಲಿಲ್ಲ. ಅವಳು ಚೀಲಕ್ಕೆ ಫೈಲು ತುರುಕುವ ಸದ್ದು ಕೇಳಿಸಿತು.

ಹುಣಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈ ಕಡೆ ನಾನು. ಇಲವಾಲ ದಾಟುವವರೆಗೂ ಅವಳು ಹೊರಗೆ ನೋಡುತ್ತಿದ್ದಳು. ನನಗೆ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ಹೇಳಿಬಿಟ್ಟೆನಲ್ಲ ಎಂಬ ಒಂದು ಸಣ್ಣ ಸಮಾಧಾನ ಒಳಗೆ ಏಳುತ್ತಿತ್ತು. ಅವಳು ಈಗ ನನ್ನ ಕೈ ಹಿಡಿಯಬಹುದು, ಹೋಗಲಿ ಬಿಡು ಎನ್ನಬಹುದು ಎಂದು ಕಾಯುತ್ತಿದ್ದೆ.

“ನಾನು ಹೇಳಿದ್ದು ಏಳೂವರೆಗಲ್ಲ” ಎಂದಳು.

“ಮತ್ತೆ?”

“ಅದು ಎರಡನೇ ಸಲ. ಶನಿವಾರ ಸಾಯಂಕಾಲನೇ ಹೇಳಿದ್ದೆ. ಚಪ್ಪರದ ಹತ್ರ. ನೀನು ನಾಳೆಗೆ ಕಡ್ಡಿ ಎಣಿಸಿ ಇಡ್ತಿದ್ದೆ. ಬಲಗಡೆ ಚುಚ್ಚುತ್ತೆ ಕಣೋ, ಮೊನ್ನೆಯಿಂದ, ಅಂದೆ.”

“ನಾನೇನಂದೆ?”

“ಹೂಂ ಅಂದೆ.” ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು. “ಹೂಂ ಅಂದು ಎಣಿಸ್ತಾ ಹೋದೆ. ನೀನು ಕೇಳಿಸ್ಕೊಂಡೆ ಅಂದ್ಕೊಂಡೆ ನಾನು.”

ಎಷ್ಟು ಹುಡುಕಿದರೂ ಆ ಶನಿವಾರ ಸಂಜೆ ನನ್ನ ನೆನಪಿನಲ್ಲಿಲ್ಲ. ಮೂರು ತಿಂಗಳು ಒಂದು ಬೆಳಗನ್ನು ನಿಮಿಷ ನಿಮಿಷವಾಗಿ ತಿರುಗಿಸಿ ನೋಡಿದವನು ನಾನು. ಅದರ ಹಿಂದಿನ ದಿನ ಅವಳು ನನ್ನ ಪಕ್ಕದಲ್ಲಿ ನಿಂತು ಹೇಳಿದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಹಾಳೆಯಲ್ಲಿ ತಿದ್ದಿಸಿದ್ದೂ ತಪ್ಪೇ. ಅದನ್ನು ಮತ್ತೆ ಹೋಗಿ ತಿದ್ದಿಸಲಿಲ್ಲ. ಈ ಬರಹದಲ್ಲಿ ತಿದ್ದುತ್ತಿದ್ದೇನೆ. ಇದನ್ನು ಓದುವ ಗಂಡಸರಿಗೆ ನನ್ನಿಂದ ಬುದ್ಧಿಮಾತೇನೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದು, ನಡೆದ ಸಮಯವನ್ನು ನೀವೂ ಯಾರಿಗೋ ಬದಲಿಸಿ ಹೇಳಿದ್ದರೆ, ನಿಮ್ಮ ಜೊತೆ ಇನ್ನೊಬ್ಬನಿದ್ದಾನೆ ಎಂದು ತಿಳಿಯಿರಿ.

ಅವಳು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಈ ವರ್ಷ ಅರ್ಧ ಹೊಲಕ್ಕೆ ಮಾತ್ರ ಸೊಪ್ಪು ಹಾಕಿದ್ದೇವೆ. ಬ್ಯಾರನ್ ತುಂಬುವ ದಿನ ಅವಳು ಚಪ್ಪರಕ್ಕೆ ಬಂದು ಕೂರುತ್ತಾಳೆ, ಬೇಡ ಎಂದರೆ ಕೇಳುವುದಿಲ್ಲ. ಆಸ್ಪತ್ರೆಯ ಉಗುರಿನ ವಿಷಯ ಕೇಳಿದ ಮೇಲೆ ಕೆಂಪಮ್ಮ ಹೊಲಕ್ಕಿಳಿಯುವ ಮೊದಲು ಎಲ್ಲರ ಉಗುರು ನೋಡುತ್ತಾಳೆ, ನನ್ನದನ್ನೂ. ಭತ್ತದ ಸೀಮೆಯ ತಮಾಷೆಯನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ.

ಅವಳು ಏನಾದರೂ ಹೇಳಲು ಬಾಯಿ ತೆರೆದರೆ ನಾನು ಕೈಯಲ್ಲಿರುವುದನ್ನು ಕೆಳಗಿಟ್ಟು ಅವಳ ಮುಖ ನೋಡುತ್ತೇನೆ. ಇದು ಅವಳಿಗೆ ಕಿರಿಕಿರಿ. ಮೊನ್ನೆ ಚಪ್ಪರದಲ್ಲಿ ಕಡ್ಡಿ ಎಣಿಸುತ್ತಿದ್ದಾಗ ಹಿಂದಿನಿಂದ ಏನೋ ಅಂದಳು. ಎಣಿಕೆ ಬಿಟ್ಟೆ, ಕಡ್ಡಿ ಕಟ್ಟನ್ನು ನೆಲಕ್ಕಿಟ್ಟೆ, ತಿರುಗಿ ನಿಂತೆ.

“ಉಪ್ಪು ಮುಗ್ದಿದೆ ಅಂದೆ ಕಣೋ” ಎಂದಳು. “ಅಷ್ಟೇ.”

“ಇನ್ನೇನಾದ್ರೂ?”

“ಇದ್ರೆ ಹೇಳ್ತೀನಿ” ಎಂದು ಒಳಗೆ ಹೋದಳು. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.